ಬೈಗುಳ ಸುದ್ದಿಯಾಯಿತು, ಕಲ್ಲಿದ್ದಲು ಆಗಲಿಲ್ಲ

ಆಸ್ಟ್ರೇಲಿಯಾದ ಸೆನೆಟರ್ ಮೆಹರೀನ್ ಫಾರೂಕಿಯವರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ತಲುಪಿದ್ದು ಒಂದು ಬೈಗುಳದ ಮೂಲಕ. 2022ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ತೀರಿಕೊಂಡರು. ರಾಣಿಯನ್ನು ಬಲ್ಲವರಿಗೆ ಸಂತಾಪ ಹೇಳಿದ ಫಾರೂಕಿ, ವಸಾಹತುಗಳ ಜನರ ಪ್ರಾಣ, ನೆಲ, ಸಂಪತ್ತು ಕದ್ದು ಕಟ್ಟಿದ ಸಾಮ್ರಾಜ್ಯದ ಒಡತಿಗಾಗಿ ತಾನು ಶೋಕಿಸಲಾರೆ ಎಂಬರ್ಥದ ಮಾತನ್ನು ಟ್ವಿಟರಿನಲ್ಲಿ ಬರೆದರು. ಒನ್ ನೇಷನ್ ಪಕ್ಷದ ಸೆನೆಟರ್ ಪಾಲಿನ್ ಹ್ಯಾನ್ಸನ್ ಇದಕ್ಕೆ ಕೊಟ್ಟ ಉತ್ತರವೆಂದರೆ, ಗಂಟುಮೂಟೆ ಕಟ್ಟಿ ಪಾಕಿಸ್ತಾನಕ್ಕೆ ತೊಲಗು ಎಂಬುದು.

ಈ ಮಾತು ಕನ್ನಡದ ಕಿವಿಗೆ ಹೊಸದಲ್ಲ. ಫಾರೂಕಿಯವರಾದರೋ ಲಾಹೋರಿನಲ್ಲಿ ಹುಟ್ಟಿ 1992ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದವರು. ಇಲ್ಲಿ ಲಾಹೋರನ್ನು ಭೂಪಟದಲ್ಲಿ ಮಾತ್ರ ಕಂಡವರಿಗೂ ಅದೇ ದಾರಿ ತೋರಿಸಲಾಗುತ್ತದೆ. 2014ರಲ್ಲಿ ಯು. ಆರ್. ಅನಂತಮೂರ್ತಿಯವರಿಗೂ ಕರಾಚಿಗೆ ಟಿಕೆಟ್ ಮಾಡಿಸಿದವರಿದ್ದರು ಎಂಬುದನ್ನು ನೆನೆದರೆ, ಈ ಪ್ರಯಾಣಕ್ಕೆ ಮುಸಲ್ಮಾನನಾಗಿರಲೇಬೇಕೆಂಬ ನಿಯಮವೂ ಇಲ್ಲ.

ಫಾರೂಕಿ ಸುಮ್ಮನಿರಲಿಲ್ಲ. ಅಲ್ಲಿನ ಜನಾಂಗ ತಾರತಮ್ಯ ಕಾಯ್ದೆಯ 18ಸಿ ಕಲಮಿನಡಿ ಸಿವಿಲ್ ದಾವೆ ಹೂಡಿದರು. ಆಕೆ ಮುಸ್ಲಿಮಳೆಂಬುದೇ ತನಗೆ ಆಗ ಗೊತ್ತಿರಲಿಲ್ಲ ಎಂದು ಹ್ಯಾನ್ಸನ್ ಕೋರ್ಟಿನಲ್ಲಿ ಹೇಳಿ ನೋಡಿದರು. ನ್ಯಾಯಾಧೀಶ ಆ್ಯಂಗಸ್ ಸ್ಟುವರ್ಟ್ ಅದನ್ನು ನಂಬಲಿಲ್ಲ. 2024ರ ನವೆಂಬರ್ 1ರಂದು, ಹ್ಯಾನ್ಸನ್ ಕಾನೂನು ಮುರಿದಿದ್ದಾರೆ, ಬರಹವನ್ನು ಅಳಿಸಿ ಖರ್ಚು ಕೊಡಬೇಕು ಎಂದು ತೀರ್ಪಾಯಿತು. ಹ್ಯಾನ್ಸನ್ ಮೇಲ್ಮನವಿ ಹೋದರು. ನಮ್ಮ ಸುಪ್ರೀಂ ಕೋರ್ಟ್ 2025ರ ಆರಂಭದಲ್ಲಿ, ಜಾರ್ಖಂಡಿನ ಒಬ್ಬ ಉರ್ದು ಅನುವಾದಕನನ್ನು 'ಪಾಕಿಸ್ತಾನಿ' ಎಂದು ಕರೆದದ್ದು ಅಭಿರುಚಿಹೀನ ಮಾತೇ ಹೊರತು ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಅಪರಾಧವಲ್ಲ ಎಂದಿತು. ಒಂದು ಸಿವಿಲ್ ದಾವೆ, ಇನ್ನೊಂದು ಕ್ರಿಮಿನಲ್ ಮೊಕದ್ದಮೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಆದರೂ ಅಂಥ ಮಾತು ಕೇಳಿಸಿಕೊಂಡವನು ಜೈಲಿನ ಮಾತಿಲ್ಲದೆ ಪರಿಹಾರ ಕೇಳಬಹುದಾದ ಒಂದು ಬಾಗಿಲು ಅಲ್ಲಿದೆ, ಇಲ್ಲಿಲ್ಲ ಎಂಬುದು ಯೋಚಿಸಬೇಕಾದ ವಿಷಯ.

ಇಷ್ಟು ಕತೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನಮ್ಮ ತಕರಾರು ಇಲ್ಲಿಂದ ಶುರುವಾಗುತ್ತದೆ. ಅದೇ 2022ರ ಸೆಪ್ಟೆಂಬರಿನಲ್ಲಿ, ರಾಣಿ ತೀರಿಕೊಂಡು ಎರಡು ವಾರವಾದ ಮೇಲೆ, ಆಸ್ಟ್ರೇಲಿಯಾಕ್ಕೆ ಸಂಬಂಧಿಸಿದ ಇನ್ನೊಂದು ಸುದ್ದಿ ಬಂತು. ಆ ದೇಶದ ಉತ್ತರ ತುದಿಯಲ್ಲಿ, ಪಪುವಾ ನ್ಯೂಗಿನಿಯ ಕಡೆಗೆ ಚದುರಿಕೊಂಡಿರುವ ಟಾರೆಸ್ ಜಲಸಂಧಿಯ ದ್ವೀಪಗಳಲ್ಲಿ ಒಂದು ಮೂಲನಿವಾಸಿ ಸಮುದಾಯವಿದೆ. ಸಮುದ್ರ ಏರುತ್ತಿದೆ. ತೋಟಗಳಿಗೆ ಉಪ್ಪುನೀರು ನುಗ್ಗುತ್ತಿದೆ. ಅಲೆಗಳು ಗೋರಿಗಳನ್ನು ಕೊರೆದು ಹಿರಿಯರ ಮೂಳೆಗಳನ್ನು ಬಯಲಿಗೆ ತಂದಿವೆ. ಖಬರಸ್ತಾನದ ಒಂದು ಗೋಡೆಗಾಗಿ ವರ್ಷಗಟ್ಟಲೆ ಕಚೇರಿ ಅಲೆಯುವ ನಮ್ಮ ಜಮಾತುಗಳ ಹಿರಿಯರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ದ್ವೀಪಗಳ ಎಂಟು ಮಂದಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟಿದ್ದರು. ಹವಾಮಾನ ಬದಲಾವಣೆಯಿಂದ ಇವರನ್ನು ಸಕಾಲದಲ್ಲಿ ರಕ್ಷಿಸದೆ ಆಸ್ಟ್ರೇಲಿಯಾ ಇವರ ಹಕ್ಕುಗಳನ್ನು ಉಲ್ಲಂಘಿಸಿದೆ ಎಂದು ಸಮಿತಿ ಹೇಳಿತು. ಅದು ಆಧರಿಸಿದ ಕಲಮುಗಳಲ್ಲಿ ಒಂದು, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 27ನೆಯದು. ಅಲ್ಪಸಂಖ್ಯಾತರು ತಮ್ಮ ಸಂಸ್ಕೃತಿ, ಧರ್ಮ, ಭಾಷೆಗಳೊಂದಿಗೆ ಬದುಕುವ ಹಕ್ಕನ್ನು ಹೇಳುವ ಕಲಮು ಇದೇ. ಅಲ್ಪಸಂಖ್ಯಾತರ ಹಕ್ಕು ಎಂದಾಕ್ಷಣ ಮಸೀದಿ, ಮದರಸಾ, ಮೀಸಲಾತಿಗಳನ್ನಷ್ಟೇ ಎಣಿಸುವ ನಮಗೆ ಅಲೆಯ ಎತ್ತರವೂ ಆ ಪಟ್ಟಿಗೆ ಸೇರಬಲ್ಲದು ಎಂಬುದು ದೊಡ್ಡ ಸುದ್ದಿಯಾಗಬೇಕಿತ್ತು. ಆಗಲಿಲ್ಲ.

ಫಾರೂಕಿಯವರ ರಾಜಕೀಯದ ತಿರುಳಿರುವುದು ಇಲ್ಲಿ. ನೆಲ ಕಸಿದವರು, ಗಣಿ ತೋಡುವವರು, ವಲಸಿಗರನ್ನು ಹೊರಹೋಗೆನ್ನುವವರು ಬೇರೆ ಬೇರೆ ವಿಷಯಗಳಲ್ಲ, ಒಂದೇ ಕತೆಯ ಅಧ್ಯಾಯಗಳು ಎಂಬುದು ಅವರ ಮತ್ತು ಅವರ ಗ್ರೀನ್ಸ್ ಪಕ್ಷದ ವಾದ. ರಾಣಿಯ ಬಗೆಗಿನ ಮಾತೂ ಅದರದೇ ಮುಂದುವರಿಕೆ. ಸರ್ಕಾರಗಳು ಮಾತ್ರ ಈ ಅಧ್ಯಾಯಗಳನ್ನು ಬಿಡಿಸಿ ಇಡುತ್ತವೆ. ಕ್ವೀನ್ಸ್‌ಲ್ಯಾಂಡಿನ ಕಾರ್ಮೈಕಲ್ ಗಣಿಯನ್ನೇ ನೋಡಿ. ಅಲ್ಲಿನ ವಾಂಗನ್ ಮತ್ತು ಜಗಲಿಂಗೌ ಜನರಲ್ಲಿ ಒಂದು ಗುಂಪು ಗಣಿಯನ್ನು ಕಡೆಯವರೆಗೂ ವಿರೋಧಿಸಿತು. 2019ರ ಆಗಸ್ಟಿನಲ್ಲಿ ರಾಜ್ಯದ ಲೇಬರ್ ಸರ್ಕಾರ 1,385 ಹೆಕ್ಟೇರಿನ ಮೇಲೆ ಅವರಿಗಿದ್ದ ಮೂಲನಿವಾಸಿ ಹಕ್ಕನ್ನು ರದ್ದು ಮಾಡಿ ಅದಾನಿ ಕಂಪೆನಿಗೆ ದಾರಿ ಬಿಟ್ಟಿತು. ಅದೇ ಅದಾನಿ ಸಮೂಹ 2015ರಲ್ಲಿ ನಮ್ಮ ಪಡುಬಿದ್ರಿಯ ಬಳಿಯ 1,200 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರವನ್ನು ಕೊಂಡಿತು. ಅದು ಹಡಗಿನಲ್ಲಿ ಹೊರದೇಶದಿಂದ ಬರುವ ಕಲ್ಲಿದ್ದಲಿಗಾಗಿಯೇ ಕಟ್ಟಿದ ಸ್ಥಾವರ. ಹಾರುಬೂದಿ, ಬಾವಿಯ ಉಪ್ಪುನೀರು, ಶಂಕರಪುರದ ಮಲ್ಲಿಗೆ ಗಿಡಗಳ ಬಗ್ಗೆ ಅಲ್ಲಿನವರ ದೂರು ಹಳೆಯದು. ಆ ದೂರು ಕೊಟ್ಟವರಲ್ಲಿ ಯಾರೂ ತಮ್ಮನ್ನು ವಾಂಗನ್ ಜನರ ನೆಂಟರೆಂದು ಎಣಿಸಿರಲಿಕ್ಕಿಲ್ಲ.

ಹಾಗೆಂದು ಫಾರೂಕಿಯವರನ್ನು ಹೊಗಳಿ ಮುಗಿಸುವ ಇರಾದೆ ನಮಗಿಲ್ಲ. ಮುಸ್ಲಿಂ ಪತ್ರಿಕೆಗಳು ಅವರನ್ನು 'ಆಸ್ಟ್ರೇಲಿಯಾದ ಸಂಸತ್ತೊಂದಕ್ಕೆ ಹೋದ ಮೊದಲ ಮುಸ್ಲಿಂ ಮಹಿಳೆ' ಎಂದು ಸಂಭ್ರಮದಿಂದ ಬರೆಯುತ್ತವೆ. 2013ರಲ್ಲಿ ಅವರು ನ್ಯೂ ಸೌತ್ ವೇಲ್ಸ್ ರಾಜ್ಯದ ಮೇಲ್ಮನೆಗೆ ಹೋದದ್ದು ನಿಜ. ಆ ಮನೆಯಲ್ಲಿ ಅವರು ಮಂಡಿಸಿದ ಮುಖ್ಯ ಮಸೂದೆಗಳಲ್ಲೊಂದು ಗರ್ಭಪಾತವನ್ನು ಅಪರಾಧದ ಪಟ್ಟಿಯಿಂದ ತೆಗೆಯುವುದು. 2017ರಲ್ಲಿ ಅದು ಸೋತಿತು. ಈ ವಿಷಯ ಬಂದಾಗ ನಮ್ಮವರು ಕೆಮ್ಮಿ ಮಾತು ಬದಲಿಸುತ್ತಾರೆ. ಅವರ ನಿಲುವನ್ನು ಒಪ್ಪಬೇಕಿಲ್ಲ. ಒಪ್ಪದವರು ಈ ಪತ್ರಿಕೆಯ ಓದುಗರಲ್ಲೇ ಬಹಳಷ್ಟಿದ್ದಾರೆ. ಆದರೆ ಆಕೆ ಕೌಮಿನ ವಕೀಲೆಯಾಗಿ ಅಲ್ಲಿಗೆ ಹೋದವರಲ್ಲ. ಬೈಸಿಕೊಂಡಾಗ ಮಾತ್ರ 'ನಮ್ಮ ಹುಡುಗಿ', ಮಸೂದೆ ತಂದಾಗ 'ಯಾರೋ ಒಬ್ಬಳು' ಎನ್ನುವುದು ಯಾವ ನ್ಯಾಯ?

ಅವರ ಪಕ್ಷವೂ ಇದರಲ್ಲಿ ಬಹಳ ಭಿನ್ನವಲ್ಲ. ಫಾರೂಕಿ ಪರಿಸರ ಎಂಜಿನಿಯರಿಂಗಿನಲ್ಲಿ ಡಾಕ್ಟರೇಟ್ ಪಡೆದವರು. ರಾಜಕೀಯಕ್ಕೆ ಬರುವ ಮುನ್ನ ಅದೇ ವೃತ್ತಿಯಲ್ಲಿದ್ದವರು. 2022ರಲ್ಲಿ ಪಕ್ಷದ ಉಪನಾಯಕಿಯಾದ ಇವರಿಗೆ ಸಿಕ್ಕ ಹೊಣೆಗಳಲ್ಲಿ ಜನಾಂಗದ್ವೇಷ ವಿರೋಧ ಒಂದು. ಹವಾಮಾನದ ವಿಷಯ ಆಗಿನ ನಾಯಕ ಆಡಮ್ ಬ್ಯಾಂಡ್ಟ್ ಅವರ ಬಳಿಯೇ ಇತ್ತು. ಜನಾಂಗದ್ವೇಷದ ಬಗ್ಗೆ ಅವರು ಮಾತಾಡಬಾರದೆಂದಲ್ಲ. 2018ರ ಆಗಸ್ಟ್ 15ರಂದು ಅವರು ಸೆನೆಟಿಗೆ ನೇಮಕವಾದರು. ಹಿಂದಿನ ದಿನವಷ್ಟೇ ಫ್ರೇಸರ್ ಆ್ಯನಿಂಗ್ ಎಂಬ ಸೆನೆಟರ್ ಮುಸ್ಲಿಮರ ವಲಸೆ ನಿಲ್ಲಿಸಬೇಕೆನ್ನುತ್ತ ನಾಜಿಗಳ 'ಅಂತಿಮ ಪರಿಹಾರ' ಎಂಬ ಪದವನ್ನೇ ಬಳಸಿದ್ದ. ಅಂಥ ಸದನದಲ್ಲಿ ಸುಮ್ಮನೆ ಕೂರಲಾಗುವುದಿಲ್ಲ. ಆದರೂ ನೀರು, ಹೊಗೆ, ಕೊಳವೆಗಳ ಲೆಕ್ಕ ಬಲ್ಲವರಿಗೆ ತನ್ನ ಚರ್ಮದ ಬಣ್ಣವನ್ನು ವಿವರಿಸುವ ಕೆಲಸ ಹಚ್ಚುವುದು ಒಳ್ಳೆಯ ಮನಸ್ಸಿನಿಂದಲೇ ಆದರೂ ಅಪವ್ಯಯ. ನಮ್ಮಲ್ಲೂ ಹೀಗೇ. ಕನ್ನಡದ ಮುಸ್ಲಿಂ ಲೇಖಕನನ್ನು ಸೌಹಾರ್ದ ಗೋಷ್ಠಿಗೆ ಕರೆಯುತ್ತಾರೆ, ಕಾವ್ಯ ಮೀಮಾಂಸೆಯ ಗೋಷ್ಠಿಗೆ ಕರೆಯುವುದಿಲ್ಲ.

ಸೆನೆಟಿನ ಒಳಗೂ ಅವರ ದಾರಿ ಸುಗಮವಲ್ಲ. 2022ರಲ್ಲಿ ಲೇಬರ್ ಸರ್ಕಾರ, 2030ರೊಳಗೆ ಮಾಲಿನ್ಯವನ್ನು 2005ರ ಮಟ್ಟಕ್ಕಿಂತ ಶೇ. 43ರಷ್ಟು ಇಳಿಸುವ ಗುರಿಯನ್ನು ಕಾನೂನಾಗಿಸಿದಾಗ ಗ್ರೀನ್ಸ್ ಅದು ಸಾಲದೆನ್ನುತ್ತಲೇ ಬೆಂಬಲಿಸಿತು. 2023ರಲ್ಲಿ ದೊಡ್ಡ ಕಾರ್ಖಾನೆಗಳ ಮಾಲಿನ್ಯದ ಕಾನೂನಿಗೂ ಒಂದು ಮಿತಿ ಹಾಕಿಸಿ ಕೈಯೆತ್ತಿತು. ಹೊಸ ಗಣಿಗಳ ನಿಷೇಧ ಮಾತ್ರ ಸಿಗಲಿಲ್ಲ. ಇದು ಚೌಕಾಸಿಯ ರಾಜಕೀಯ, ಘೋಷಣೆಯಿಂದ ನಡೆಯುವುದಲ್ಲ. ಫಾರೂಕಿಯವರ ಭಾಷೆ ಕೆಲವೊಮ್ಮೆ ಘೋಷಣೆಯಲ್ಲೇ ನಿಂತುಬಿಡುತ್ತದೆ ಎಂಬುದು ನಮ್ಮ ಅನಿಸಿಕೆ. 2025ರ ಜುಲೈಯಲ್ಲಿ ಸಂಸತ್ತಿನ ಆರಂಭದ ದಿನ ಗಾಜಾದ ಹಸಿವಿನ ಬಗ್ಗೆ ಫಲಕ ಹಿಡಿದು ಶಿಕ್ಷೆ ಪಡೆದರು. ಫಲಕದ ಮಾತು ಸತ್ಯವಾಗಿತ್ತು. ಅದೇ ತಿಂಗಳು ಫೆಡರಲ್ ಕೋರ್ಟು ಟಾರೆಸ್ ದ್ವೀಪದವರ ಇನ್ನೊಂದು ಮೊಕದ್ದಮೆಯನ್ನು ವಜಾ ಮಾಡಿತು. ಸರ್ಕಾರ ಗುರಿಗಳನ್ನು ಹಾಕಿಕೊಂಡಾಗ ಒಳ್ಳೆಯ ವಿಜ್ಞಾನಕ್ಕೆ ಗಮನ ಕೊಡಲಿಲ್ಲವೆಂದು ಒಪ್ಪಿಕೊಂಡೂ, ಇಂಥ ಗುರಿಗಳು ರಾಜಕೀಯ ತೀರ್ಮಾನದ ವಿಷಯ, ಕೋರ್ಟಿನದಲ್ಲ ಎಂದಿತು. ಅಂದರೆ ಬೋಯಿಗು, ಸಾಯಿಬಾಯಿ ದ್ವೀಪಗಳ ಗೋರಿಗಳ ಪ್ರಶ್ನೆ ಮರಳಿ ಬಂದದ್ದು ಫಾರೂಕಿ ಕೂರುವ ಮನೆಗೇ.

ಆ ಮನೆ ನಂತರ ಏನು ಮಾಡಿತು? 2025ರ ನವೆಂಬರಿನಲ್ಲಿ ಹ್ಯಾನ್ಸನ್, 2017ರಲ್ಲಿ ಮಾಡಿದ ಹಾಗೆಯೇ, ಬುರ್ಖಾ ತೊಟ್ಟು ಸೆನೆಟಿಗೆ ಬಂದರು. ಫಾರೂಕಿ ಅದನ್ನು ಜನಾಂಗದ್ವೇಷವೆಂದೇ ಕರೆದರು. ಸರ್ಕಾರದ ಕಡೆಯ ನಾಯಕಿ ಪೆನ್ನಿ ವಾಂಗ್ ಖಂಡಿಸಿದರು. ಹ್ಯಾನ್ಸನ್ ಏಳು ದಿನ ಅಮಾನತಾದರು. ಇದು ಆಗಬೇಕಾದದ್ದೇ. ಎರಡು ತಿಂಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಇದೇ ಸರ್ಕಾರ ಪಶ್ಚಿಮ ಆಸ್ಟ್ರೇಲಿಯಾದ ನಾರ್ತ್ ವೆಸ್ಟ್ ಶೆಲ್ಫ್ ಅನಿಲ ಯೋಜನೆಯನ್ನು 2070ರವರೆಗೆ ನಡೆಸಲು ವುಡ್‌ಸೈಡ್ ಕಂಪೆನಿಗೆ ಅನುಮತಿ ಕೊಟ್ಟಿತ್ತು. ಅದರ ಸ್ಥಾವರದ ಪಕ್ಕದಲ್ಲೇ ಮುರುಜುಗಾ ಇದೆ. ಮೂಲನಿವಾಸಿಗಳು ಸಾವಿರಾರು ವರ್ಷಗಳ ಕಾಲ ಬಂಡೆಗಳ ಮೇಲೆ ಕೆತ್ತಿದ ಲಕ್ಷಾಂತರ ಚಿತ್ರಗಳು ಅಲ್ಲಿವೆ. ಗ್ರೀನ್ಸ್ ಪಕ್ಷ ಆ ಅನುಮತಿಯನ್ನೂ ವಿರೋಧಿಸಿತ್ತು. ಬುರ್ಖಾದ ವಿಡಿಯೋ ಒಂದೇ ದಿನದಲ್ಲಿ ನಮ್ಮ ಮೊಬೈಲುಗಳಿಗೆ ಬಂತು. ಮುರುಜುಗಾದ ಹೆಸರನ್ನು ನಾವು ಹುಡುಕಿಕೊಂಡು ಹೋಗಿ ಓದಬೇಕಾಯಿತು.