ಇಂಜಿನ್ ಇಳಿಸುವ ಮುನ್ನ ಬ್ರೀದರ್ ನೋಡಿ

ಬೆಂಗಳೂರಿನ ಸುಲ್ತಾನ್‌ಪೇಟೆಗೆ ಕಾಗದದ ಬಂಡಲು ಬರುವುದು ಹೆಚ್ಚಾಗಿ ಟಾಟಾ 407ರಲ್ಲಿ, 709ರಲ್ಲಿ, ಐಷರ್ ಕ್ಯಾಂಟರಿನಲ್ಲಿ. ಲಾರಿ ಎಂದರೆ ಲಾರಿಯಲ್ಲ, ಟೆಂಪೊ ಎಂದರೆ ಟೆಂಪೊ ಅಲ್ಲ, ಅಂಥ ನಡುಗಾತ್ರದ ಡೀಸೆಲ್ ಗಾಡಿಗಳು ಇವು. ಹಳೆಯ ಪೇಟೆಗಳ ಗಲ್ಲಿಗಳಲ್ಲಿ ತಿರುಗಲು ಇವೇ ಸರಿ. ಇವುಗಳ ಇಂಜಿನ್ ಹೇಗಿದೆ ಎಂದು ತಿಳಿಯಲು ಎಲ್ಲರೂ ಸೈಲೆನ್ಸರ್ ನೋಡುತ್ತಾರೆ. ನಾನು ಮೊದಲು ನೋಡುವುದು ಬ್ರೀದರ್ ಪೈಪನ್ನು. ಟ್ಯಾಪೆಟ್ ಕವರಿನಿಂದಲೋ ಬ್ಲಾಕಿನ ಪಕ್ಕದಿಂದಲೋ ಹೊರಟು ನೆಲದ ಕಡೆಗೆ ಬಾಯಿ ಬಿಟ್ಟುಕೊಂಡಿರುವ ಆ ರಬ್ಬರ್ ಕೊಳವೆ ಇಂಜಿನ್ನಿನ ಒಳಗಿನ ಸ್ಥಿತಿಯನ್ನು ಹೊಗೆಯ ಬಣ್ಣಕ್ಕಿಂತ ಚೆನ್ನಾಗಿ ಹೇಳುತ್ತದೆ. ಅದು ಹೇಳುವುದನ್ನು ಅರ್ಧ ಕೇಳಿಸಿಕೊಂಡು ಇಂಜಿನ್ ಬಿಚ್ಚುವವರೇ ಹೆಚ್ಚು ಎಂಬುದು ನನ್ನ ಸಂಕಟ.

ಪಿಸ್ಟನ್ನಿಗೂ ಲೈನರಿಗೂ ನಡುವೆ ಗಾಳಿಯಾಡದಂತೆ ತಡೆಯುವ ಕೆಲಸ ರಿಂಗುಗಳದು. ಸಾಮಾನ್ಯವಾಗಿ ಮೂರು: ಮೇಲಿನ ಎರಡು ಕಂಪ್ರೆಷನ್ನಿಗೆ, ಕೆಳಗಿನದು ಆಯಿಲ್ ಒರೆಸಲು. ರಿಂಗಿಗೆ ಬಾಯಿ ಇರಲೇಬೇಕು, ಬಿಸಿಗೆ ಹಿಗ್ಗಿದಾಗ ತುದಿಗಳು ಒಂದಕ್ಕೊಂದು ಒತ್ತಿ ಮುರಿಯಬಾರದಲ್ಲ. ಆ ಸಂದಿನಿಂದ ಒಂದಿಷ್ಟು ಗಾಳಿ ಕೆಳಗೆ ಆಯಿಲ್ ಇರುವ ಚೇಂಬರಿಗೆ ನುಸುಳುವುದು ಹೊಸ ಇಂಜಿನ್ನಿಗೂ ತಪ್ಪಿದ್ದಲ್ಲ. ಇದೇ ಬ್ಲೋಬೈ, ಕಲಾಸಿಪಾಳ್ಯದ ಮೇಸ್ತ್ರಿಗಳ ಬಾಯಲ್ಲಿ ಬ್ಯಾಕ್ ಕಂಪ್ರೆಷನ್. ಟಾಟಾದ 497 ಇಂಜಿನ್ ತೆಗೆದುಕೊಳ್ಳಿ. ನಾಲ್ಕು ಸಿಲಿಂಡರ್, 97 ಮಿಲಿಮೀಟರ್ ಬೋರ್, ಒಟ್ಟು 3,783 ಸಿಸಿ. ಟರ್ಬೊ ಇಲ್ಲದ ರೂಪದಲ್ಲಿ ನಿಮಿಷಕ್ಕೆ 2,400 ಸುತ್ತು ತಿರುಗುವಾಗ ಅದು ಹೆಚ್ಚುಕಡಿಮೆ ನಾಲ್ಕೂವರೆ ಸಾವಿರ ಲೀಟರ್ ಗಾಳಿ ಎಳೆಯುತ್ತದೆ. ನೂರಕ್ಕೆ ಒಂದು ಪಾಲು ಸೋರಿತು ಎಂದುಕೊಂಡರೂ ನಿಮಿಷಕ್ಕೆ 45 ಲೀಟರ್ ಚೇಂಬರಿಗೆ ಇಳಿಯಿತು. ಅದು ಎಲ್ಲಾದರೂ ಹೊರಗೆ ಹೋಗಲೇಬೇಕು. ಆ ದಾರಿಯೇ ಬ್ರೀದರ್.

ಹಾಗಾಗಿ ಬ್ರೀದರಿನಲ್ಲಿ ಗಾಳಿ ಬರುವುದು ಕಾಯಿಲೆಯಲ್ಲ. ಎಷ್ಟು ಬರುತ್ತಿದೆ, ಹೇಗೆ ಬರುತ್ತಿದೆ ಎಂಬುದೇ ವಿಷಯ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ತೆಳ್ಳಗೆ ಬೆಳ್ಳಗೆ ಬಂದು, ಇಂಜಿನ್ ಕಾದ ಮೇಲೆ ನಿಂತುಹೋದರೆ ಅದು ನೀರಿನ ಆವಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಅದರಲ್ಲಿ ಅಷ್ಟಿಷ್ಟು ರಿಂಗು ದಾಟಿ ಕೆಳಗೆ ಬರುತ್ತದೆ. ಮಾರ್ಕೆಟ್ಟಿನಿಂದ ಸುಲ್ತಾನ್‌ಪೇಟೆಗೆ, ಅಲ್ಲಿಂದ ಚಾಮರಾಜಪೇಟೆಗೆ ಎಂದು ಕಾಯುವಷ್ಟರಲ್ಲಿ ನಿಲ್ಲುವ ಗಾಡಿಗಳ ಆಯಿಲ್ ಕ್ಯಾಪಿನ ಒಳಗೆ ಮಜ್ಜಿಗೆಯಂಥ ಜಿಡ್ಡು ಕಟ್ಟುವುದು ಬಹುಪಾಲು ಇದರಿಂದಲೇ. ರೇಡಿಯೇಟರ್ ನೀರು ಕಮ್ಮಿಯಾಗದಿದ್ದರೆ ಹೆಡ್ ಗ್ಯಾಸ್ಕೆಟ್ ಬಿಚ್ಚುವ ಆತುರ ಬೇಡ. ಹೆದ್ದಾರಿಯಲ್ಲಿ ಒಂದು ಒಳ್ಳೆಯ ಲೋಡ್ ಓಡಿಸಿ, ಆಮೇಲೆ ನೋಡಿ.

ಕಾದ ಮೇಲೂ ಹೊಗೆ ಬರುತ್ತಿದ್ದರೆ ಅದರ ತಾಳ ಗಮನಿಸಬೇಕು. ಬುಸ್ ಬುಸ್ ಎಂದು ಒಂದೇ ಲಯದಲ್ಲಿ ಬಿಟ್ಟು ಬಿಟ್ಟು ಬಂದರೆ ಒಂದು ಸಿಲಿಂಡರಿನ ಮೇಲೆ ಅನುಮಾನ: ರಿಂಗ್ ಮುರಿದಿರಬಹುದು, ಪಿಸ್ಟನ್ ಬಿರುಕು ಬಿಟ್ಟಿರಬಹುದು. ಹಳೆಯ ಪಂಪಿನ ಇಂಜಿನ್ನುಗಳಲ್ಲಿ ಒಂದೊಂದೇ ನಾಜಲ್ಲಿನ ಪೈಪ್ ನಟ್ ಸಡಿಲಿಸಿ ನೋಡುವ ಮೇಸ್ತ್ರಿ ಯಾವ ಸಿಲಿಂಡರ್ ಎಂದು ಅಲ್ಲೇ ಹೇಳಿಬಿಡುತ್ತಾನೆ. ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಮಾತ್ರ ಆ ನಟ್ಟಿಗೆ ಕೈ ಹಾಕಬಾರದು, ಅಲ್ಲಿನ ಒತ್ತಡ ಚರ್ಮ ಸೀಳುತ್ತದೆ. ಏಕಪ್ರಕಾರವಾಗಿ ಧಾರಾಳವಾಗಿ ಬರುತ್ತಿದ್ದರೆ ಮಾತು ಬೇರೆ. ಇಲ್ಲಿಯೇ ಜನ ಮೋಸ ಹೋಗುವುದು.

"ಅಣ್ಣಾ, ಬ್ಯಾಕ್ ಕಂಪ್ರೆಷನ್ ಜಾಸ್ತಿ ಆಗಿದೆ, ಇಂಜಿನ್ ಇಳಿಸ್ಬೇಕು" ಎಂಬ ಒಂದು ಮಾತಿಗೆ ಓನರ್ ಲೈನರ್, ಪಿಸ್ಟನ್, ರಿಂಗ್ ಸೆಟ್ಟಿಗೆಂದು ಜೆ.ಸಿ. ರಸ್ತೆಗೆ ಓಡುತ್ತಾನೆ. ಆದರೆ ಚೇಂಬರಿಗೆ ಗಾಳಿ ತುಂಬುವುದು ಪಿಸ್ಟನ್ ಒಂದೇ ಅಲ್ಲ. ಏರ್ ಬ್ರೇಕ್ ಇರುವ ಗಾಡಿಯ ಕಂಪ್ರೆಸರಿಗೂ ಇಂಜಿನ್ ಆಯಿಲ್ಲೇ ಹೋಗುತ್ತದೆ, ಅದು ಮರಳುವುದು ಇದೇ ಚೇಂಬರಿಗೆ. ಕಂಪ್ರೆಸರಿನ ಪುಟ್ಟ ಪಿಸ್ಟನ್ನಿನ ರಿಂಗ್ ಸವೆದರೆ ಅದರ ಸೋರಿಕೆಯೆಲ್ಲ ಇಂಜಿನ್ ಬ್ರೀದರಿನಲ್ಲೇ ಹೊರಡುತ್ತದೆ. ವ್ಯಾಕ್ಯೂಮ್ ಬ್ರೇಕ್ ಬೂಸ್ಟರ್ ಇರುವ ಚಿಕ್ಕ ಗಾಡಿಗಳಲ್ಲಿ ವ್ಯಾಕ್ಯೂಮ್ ಪಂಪು ಎಳೆದ ಗಾಳಿಯನ್ನು ಆಯಿಲ್ ಜತೆ ಇಂಜಿನ್ನಿಗೇ ಬಿಡುತ್ತದೆ. ಹೋಸ್ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಆ ಪಂಪು ಬಿಡುವಿಲ್ಲದೆ ಊದುತ್ತಿರುತ್ತದೆ. ಟರ್ಬೊ ಸವೆದಿದ್ದರೆ ಅದರ ಆಯಿಲ್ ಮರಳುವ ಪೈಪಿನಲ್ಲೂ ಗಾಳಿ ಇಳಿಯುತ್ತದೆ. ಇವುಗಳಲ್ಲಿ ಯಾವುದಕ್ಕೂ ಇಂಜಿನ್ ಇಳಿಸುವ ಅಗತ್ಯವಿಲ್ಲ. ಕಂಪ್ರೆಸರಿನ ಹೊರಪೈಪ್ ಬಿಚ್ಚಿ, ಅದಕ್ಕೆ ಭಾರವಿಲ್ಲದಂತೆ ಮಾಡಿ ಬ್ರೀದರ್ ನೋಡಿದರೆ ಉತ್ತರ ಸಿಗುತ್ತದೆ. ಈ ಪರೀಕ್ಷೆ ಮಾಡದೆ ಇಂಜಿನ್ನಿಗೆ ತೀರ್ಪು ಕೊಡುವುದು ಅನ್ಯಾಯ.

ಆಯಿಲ್ ಕ್ಯಾಪನ್ನು ಆಯಿಲ್ ತುಂಬುವ ಬಾಯಿಯ ಮೇಲೆ ತಲೆಕೆಳಗಾಗಿ ಇಟ್ಟು, ಅದು ಕುಣಿಯುತ್ತದೆಯೋ ಹಾರುತ್ತದೆಯೋ ಎಂದು ನೋಡುವ ಪದ್ಧತಿ ಎಲ್ಲ ಶೆಡ್ಡಿನಲ್ಲೂ ಇದೆ. ಮೊದಲ ಅಂದಾಜಿಗೆ ಅಡ್ಡಿಯಿಲ್ಲ. ಆದರೆ ಕ್ಯಾಪಿನ ತೂಕ ಒಂದೊಂದು ಗಾಡಿಯಲ್ಲಿ ಒಂದೊಂದು, ಕೆಲವು ಇಂಜಿನ್ನಿನಲ್ಲಿ ರಾಕರ್ ಎಸೆಯುವ ಗಾಳಿಯೇ ಅದನ್ನು ಅಲುಗಾಡಿಸುತ್ತದೆ. ಅದಕ್ಕಿಂತ ಆಯಿಲ್ ಗೇಜ್ ಕಡ್ಡಿಯ ತೂತಿಗೆ ಒಂದು ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದನ್ನು ಯು ಆಕಾರಕ್ಕೆ ಬಾಗಿಸಿ ನೀರು ತುಂಬಿ, ನೀರು ಎಷ್ಟು ಏರಿತು ಎಂದು ಅಳತೆಪಟ್ಟಿಯಲ್ಲಿ ನೋಡುವುದು ಮೇಲು. ಇಂಜಿನ್ ಕಾದಿರಬೇಕು, ಪ್ರತಿ ಸಲ ಅದೇ ವೇಗವಿರಬೇಕು. ಪ್ರತಿ ಆಯಿಲ್ ಬದಲಾವಣೆಗೆ ಒಮ್ಮೆ ಬರೆದಿಡಿ. ಬೇರೆಯವರ ಗಾಡಿಯ ಅಂಕಿಗಿಂತ ನಿಮ್ಮ ಗಾಡಿಯ ಹಿಂದಿನ ಅಂಕಿಯೇ ಒಳ್ಳೆಯ ಸಾಕ್ಷಿ.

ಬ್ರೀದರಿನ ಒಳಗೆ ತಂತಿಯ ಜಾಲರಿ ಇರುವುದನ್ನು ಮರೆತವರು ಎಷ್ಟೋ ಮಂದಿ. ಅದು ಮಸಿ ಹಿಡಿದು ಕಟ್ಟಿಕೊಂಡರೆ ಚೇಂಬರಿನ ಒತ್ತಡ ಏರುತ್ತದೆ, ಆಯಿಲ್ ಸಿಕ್ಕ ಸಂದಿನಲ್ಲೆಲ್ಲ ಹೊರಬೀಳುತ್ತದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಒದ್ದೆಯಾಗುತ್ತದೆ, ಗೇಜ್ ಕಡ್ಡಿ ಮೇಲಕ್ಕೇಳುತ್ತದೆ, ಹಿಂದಿನ ಸೀಲ್ ಸೋರಿ ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿ ಗಾಡಿ ಏರಿನಲ್ಲಿ ಎಳೆಯುವುದಿಲ್ಲ. ಟರ್ಬೊದಿಂದ ಆಯಿಲ್ ಇಳಿಯಲಾಗದೆ ಸೈಲೆನ್ಸರಿಗೆ ನುಗ್ಗಿ ನೀಲಿ ಹೊಗೆ ಬಂದಾಗ ಒಳ್ಳೆಯ ಟರ್ಬೊವನ್ನೇ ಬದಲಿಸಿಬಿಡುತ್ತಾರೆ. ನೆಲಕ್ಕೆ ಆಯಿಲ್ ತೊಟ್ಟಿಕ್ಕುತ್ತದೆ ಎಂದು ಬ್ರೀದರ್ ಪೈಪಿಗೆ ಬಟ್ಟೆ ತುರುಕುವವರೂ ಇದ್ದಾರೆ. ಇದಕ್ಕಿಂತ ಕೆಟ್ಟ ಕೆಲಸ ಇಂಜಿನ್ನಿಗೆ ಮಾಡಲಾಗದು.

ರಿಂಗ್ ನಿಜಕ್ಕೂ ಸವೆದಿದ್ದರೆ ಕಾರಣ ಹುಡುಕದೆ ಹೊಸದು ಹಾಕಿದರೆ ಅದೂ ಉಳಿಯದು. ಏರ್ ಕ್ಲೀನರ್ ಹೋಸಿನ ಒಂದು ಕ್ಲಿಪ್ ಸಡಿಲವಾಗಿದ್ದರೂ ಸಾಕು, ಧೂಳು ಲೈನರನ್ನು ಉಜ್ಜಿ ಮುಗಿಸುತ್ತದೆ. ನಾಜಲ್ ತೊಟ್ಟಿಕ್ಕಿದರೆ ಡೀಸೆಲ್ಲು ಲೈನರಿನ ಮೇಲಿನ ಆಯಿಲ್ ಪದರವನ್ನು ತೊಳೆದುಬಿಡುತ್ತದೆ. 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ನಮ್ಮ ಆಡುಗೋಡಿಯ ಮೈಕೊ ದಶಕಗಳ ಕಾಲ ಪಂಪು, ನಾಜಲ್ಲು ಮಾಡಿದ ಊರು ಇದು. ಇಲ್ಲಿ ನಾಜಲ್ ಟೆಸ್ಟ್ ಮಾಡಿಸದೆ ಇಂಜಿನ್ ಕಟ್ಟಿಸುವುದಕ್ಕೆ ನೆಪವೇ ಇಲ್ಲ.

ಮೂರನೆಯ ಕಾರಣ ಪೇಟೆಯದೇ. ರಿಂಗನ್ನು ಲೈನರಿಗೆ ಒತ್ತಿ ಹಿಡಿಯುವುದು ಬಹುಪಾಲು ಅದರ ಬೆನ್ನಿಗೆ ಬೀಳುವ ಗ್ಯಾಸಿನ ಒತ್ತಡವೇ. ಇಂಜಿನ್ ಸ್ಲೋನಲ್ಲಿ ಗಂಟೆಗಟ್ಟಲೆ ಉರಿದರೆ ಆ ಒತ್ತಡ ಸಾಲದು. ಲೈನರ್ ಗಾಜಿನಂತೆ ನುಣುಪಾಗುತ್ತದೆ, ರಿಂಗಿನ ತೋಡಿನಲ್ಲಿ ಮಸಿ ಕೂರುತ್ತದೆ. ಸರಕು ಇಳಿಸುವಾಗ ಇಂಜಿನ್ ಚಾಲೂ ಬಿಡುವುದರಿಂದ ಡೀಸೆಲ್ಲಿನ ಜತೆ ರಿಂಗೂ ಹೋಗುತ್ತದೆ. ಜತೆಗೆ ಆ ಪೈಪು ಬಿಡುವ ಆಯಿಲ್ ಮಂಜು, ಮಸಿ ಎಲ್ಲ ರೀಮು ಹೊರುವ ಹಮಾಲಿಗಳ ಉಸಿರಿಗೆ. ಇಕ್ಕಟ್ಟಾದ ಗಲ್ಲಿಯಲ್ಲಿ ಅದು ಬೇಗ ಚದುರುವುದೂ ಇಲ್ಲ.

ಅದಕ್ಕಾಗಿಯೇ, ತೆರೆದ ಬ್ರೀದರನ್ನು ಇಷ್ಟು ಮೆಚ್ಚುವ ನಾನು ಹೊಸ ಗಾಡಿಗಳಲ್ಲಿ ಅದನ್ನು ಮುಚ್ಚಿದ್ದು ಸರಿ ಎನ್ನುತ್ತೇನೆ. ಕ್ಯಾಲಿಫೋರ್ನಿಯ 1961ರಲ್ಲೇ ಪೆಟ್ರೋಲ್ ಕಾರುಗಳ ಬ್ರೀದರನ್ನು ಇಂಟೇಕಿಗೆ ತಿರುಗಿಸಿತು. ಡೀಸೆಲ್ಲು ಒತ್ತುವುದು ಬರೀ ಗಾಳಿಯನ್ನು, ಹಾಗಾಗಿ ಅದರ ಸೋರಿಕೆಯಲ್ಲಿ ಉರಿಯದ ಇಂಧನ ಕಡಿಮೆ. ಟರ್ಬೊ ಡೀಸೆಲ್ಲುಗಳಿಗೆ ಅಮೆರಿಕದಲ್ಲೂ 2007ರವರೆಗೆ ವಿನಾಯಿತಿ ಇತ್ತು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಬ್ರೀದರಿನ ಗ್ಯಾಸೂ ಲೆಕ್ಕಕ್ಕೆ ಬಂತು. ಮುಚ್ಚಿದ ಬ್ರೀದರಿನಲ್ಲಿ ಅದು ಆಯಿಲ್ ಸೆಪರೇಟರ್ ಹಾದು ಟರ್ಬೊದ ಬಾಯಿಗೆ ಮರಳುತ್ತದೆ. ಸೆಪರೇಟರ್ ಕೆಟ್ಟರೆ ಆಯಿಲ್ ಇಂಟರ್‌ಕೂಲರ್ ತುಂಬುತ್ತದೆ. ಅತಿಯಾದರೆ ಇಂಜಿನ್ ತನ್ನ ಆಯಿಲನ್ನೇ ಉರಿಸುತ್ತ, ಕೀ ತಿರುಗಿಸಿದರೂ ನಿಲ್ಲದೆ ರೇಸ್ ಆಗುವ ಅಪಾಯವೂ ಇದೆ.

ಹೋಸ್ ಕಿತ್ತು ಹೊರಗೆ ಬಿಡುವುದು ಇದಕ್ಕೆ ಪರಿಹಾರವಲ್ಲ. ಬಿಎಸ್ 6 ಗಾಡಿ ಇರುವವರು ಸರ್ವಿಸ್ ಪುಸ್ತಕ ತೆಗೆದು ಬ್ರೀದರ್ ಫಿಲ್ಟರಿಗೆ ಎಷ್ಟು ಕಿಲೋಮೀಟರ್ ಎಂದು ಬರೆದಿದೆ ನೋಡಿ. ಬದಲಿಸಿದೆವು ಎಂದರೆ ಹಳೆಯ ಫಿಲ್ಟರನ್ನು ಕೈಗೆ ಕೇಳಿ ಪಡೆಯಿರಿ. ಹಳೆಯ ಗಾಡಿ ಇರುವವರು ಜಾಲರಿಯನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು ಒಣಗಿಸಿ ಹಾಕಿ, ಕಂಪ್ರೆಸರಿನ ಹೊರಪೈಪ್ ಬಿಚ್ಚಿ ನೋಡಿದ ಮೇಲಷ್ಟೇ ಇಂಜಿನ್ ಇಳಿಸಲು ಒಪ್ಪಿಕೊಳ್ಳಿ.