ಮಧ್ಯಮಕ್ಕೆ ಎಂಟು ಕಾರಣ

ಕೆಲವು ವರ್ಷಗಳ ಹಿಂದೆ ಒಂದು ಕಥಾಸ್ಪರ್ಧೆಯ ಮೊದಲ ಸುತ್ತಿನ ಕಥೆಗಳನ್ನು ಓದಿಕೊಡಲು ನನ್ನನ್ನು ಕೇಳಿದ್ದರು. ನಲವತ್ತು ಕಥೆ, ಜೊತೆಗೊಂದು ಹಾಳೆ. ಕಥೆಯ ಹೆಸರಿನ ಮುಂದೆ ಹತ್ತಕ್ಕೆ ಎಷ್ಟು ಎಂದು ಬರೆದರೆ ಸಾಕು. ಕಾರಣ ಬರೆಯಲು ಜಾಗವೇ ಇರಲಿಲ್ಲ. ಎಂಟು ಕೊಟ್ಟ ಕಥೆಗಳಲ್ಲಿ ಒಂದೂ ಈಗ ನೆನಪಿಲ್ಲ. ಆರು ಕೊಟ್ಟ ಒಂದು ಕಥೆ ಮಾತ್ರ ಇನ್ನೂ ಬಿಟ್ಟಿಲ್ಲ. ಅದರಲ್ಲಿ ಎಮ್ಮೆ ಸತ್ತ ಮೇಲೂ ಅಜ್ಜಿ ದಿನಾ ಸಂಜೆ ಕೊಟ್ಟಿಗೆಗೆ ಹೋಗಿ ಖಾಲಿ ಗೂಟಕ್ಕೆ ಹಗ್ಗ ಕಟ್ಟಿ ಬರುತ್ತಾಳೆ. ಊರು ಬಿಟ್ಟ ಮಗನ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಕೊನೆಯ ಪುಟದಲ್ಲಿ ಮಾತ್ರ ಕಥೆಗಾರರು ತಡೆಯಲಾರದೆ, ಆ ಹಗ್ಗ ಮಗನಿಗಾಗಿ ಎಂದು ಹೇಳಿಯೇ ಬಿಟ್ಟಿದ್ದರು.

ದರ್ಜೆ ಎಂಬ ಅರಬ್ಬೀ ಮೂಲದ ಮಾತಿಗೂ ಗ್ರೇಡ್ ಎಂಬುದರ ಲ್ಯಾಟಿನ್ ಮೂಲಕ್ಕೂ ಮೆಟ್ಟಿಲು ಎಂಬ ಅರ್ಥವಿದೆ. ನಮ್ಮ ಬಳಕೆಯಲ್ಲಿ ಆ ಮೆಟ್ಟಿಲು ಸವೆದಿದೆ. ‘ಸರ್ಕಾರಿ ಪ್ರಥಮ ದರ್ಜೆ ಕಾಲೇಜು’ ಎಂಬ ಬೋರ್ಡು ಊರೂರಿಗೂ ಇದೆ, ದ್ವಿತೀಯ ದರ್ಜೆಯದನ್ನು ನಾನಂತೂ ಕಂಡಿಲ್ಲ.

ಕಾವ್ಯಕ್ಕೆ ದರ್ಜೆ ಕೊಡುವುದು ಹೊಸತೇನಲ್ಲ. ಆನಂದವರ್ಧನ ಹಾಕಿದ ಅಡಿಪಾಯದ ಮೇಲೆ 11ನೇ ಶತಮಾನದ ಕಾಶ್ಮೀರದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಮೂರು ದರ್ಜೆ ಮಾಡಿದ. ಹೇಳಿದ್ದಕ್ಕಿಂತ ಹೊಳೆಯಿಸಿದ್ದು ಮಿಗಿಲಾದರೆ ಉತ್ತಮ. ಹೊಳೆಯಿಸಿದ್ದು ಇದ್ದರೂ ಹಿಂದೆ ಸರಿದರೆ ಮಧ್ಯಮ. ಬರೀ ಶಬ್ದದ, ಅರ್ಥದ ಚಮತ್ಕಾರವಾದರೆ ಅವರ, ಅಂದರೆ ಕೊನೆಯದು. ಇಷ್ಟನ್ನು ಕನ್ನಡ ಎಂಎ ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಬರೆದು ಅಂಕ ಪಡೆಯುತ್ತಾರೆ. ಅವರು ಸಾಮಾನ್ಯವಾಗಿ ದಾಟಿಹೋಗುವ ಭಾಗವೇ ನನಗೆ ಮುಖ್ಯ: ಮಮ್ಮಟ ಮಧ್ಯಮವನ್ನು ಎಂಟಾಗಿ ಒಡೆಯುತ್ತಾನೆ. ಹೊಳೆಯಬೇಕಾದ್ದು ತೀರಾ ಬಯಲಾಗಿದ್ದರೆ ಅಗೂಢ. ಕಷ್ಟಪಟ್ಟರೂ ಸಿಗದಷ್ಟು ಮಸುಕಾಗಿದ್ದರೆ ಅಸ್ಫುಟ. ಎರಡು ಅರ್ಥಗಳಲ್ಲಿ ಯಾವುದು ಮುಖ್ಯವೆಂದು ಸಂಶಯವಾದರೆ ಸಂದಿಗ್ಧಪ್ರಾಧಾನ್ಯ. ಹೀಗೆ ಸಾಗುತ್ತದೆ ಪಟ್ಟಿ. ಸೋತ ಪದ್ಯ ಎಲ್ಲಿ, ಹೇಗೆ ಸೋತಿತೆಂದು ಹೇಳುವ ದರ್ಜೆಯಿದು.

ಆಧಾರ ಹೇಳಿದ್ದರಿಂದಲೇ ಜಗಳಕ್ಕೂ ದಾರಿಯಾಯಿತು. 17ನೇ ಶತಮಾನದಲ್ಲಿ ಜಗನ್ನಾಥ ಪಂಡಿತ ‘ರಸಗಂಗಾಧರ’ದಲ್ಲಿ ಮೂರು ಸಾಲದೆಂದು ನಾಲ್ಕು ಮಾಡಿದ. ಅರ್ಥದ ಚಮತ್ಕಾರವನ್ನೂ ಶಬ್ದದ ಚಮತ್ಕಾರವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. ಒಂದೇ ಅಕ್ಷರದಲ್ಲಿ ಹೊಸೆದ ಪದ್ಯ, ಪದ್ಮಬಂಧ ಇಂಥವಕ್ಕೆ ಐದನೆಯದನ್ನು ಮಾಡಬಹುದಿತ್ತು. ಅವು ಕಾವ್ಯವೇ ಅಲ್ಲವೆಂದು ಬಿಟ್ಟ. (ಸೊನ್ನೆ ಕೊಡಲಿಲ್ಲ, ಪರೀಕ್ಷೆಗೇ ಕೂರಿಸಲಿಲ್ಲ!) ಹತ್ತಕ್ಕೆ ಆರು ಎಂಬುದರ ಜೊತೆ ಹೀಗೆ ಯಾರು ಜಗಳವಾಡಿಯಾರು? ಪುಸ್ತಕಕ್ಕೆ ಮೂರೂವರೆ ನಕ್ಷತ್ರ ಒತ್ತಿ ಸುಮ್ಮನಾದವರೊಂದಿಗೂ ಆಡಲಾಗದು.

ಮಮ್ಮಟನ ಅಳತೆ ಎಲ್ಲಕ್ಕೂ ಒಗ್ಗುತ್ತದೆ ಎಂದಲ್ಲ. ಅವನ ಉದಾಹರಣೆಗಳು ಬಿಡಿ ಪದ್ಯಗಳು. ಕುಮಾರವ್ಯಾಸನ ಒಂದು ಸಂಧಿಯನ್ನು ಇಡಿಯಾಗಿ ಅದರಲ್ಲಿ ಅಳೆಯಹೊರಟರೆ ಕಥೆಯ ಓಟವೇ ಕೈಬಿಟ್ಟುಹೋಗುತ್ತದೆ. ಕಥೆ, ಕಾದಂಬರಿಗೆ ಬೇರೆ ಕೇಳ್ವಿಗಳೂ ಬೇಕು.

ಆದರೂ ಆ ಅಜ್ಜಿಯ ಕಥೆಗೆ ಅವನಲ್ಲಿ ಒಂದು ಹೆಸರಿತ್ತು: ಅಗೂಢ. ಹಗ್ಗದವರೆಗೆ ಉತ್ತಮ, ಕೊನೆಯ ಪುಟದಲ್ಲಿ ಎಲ್ಲ ಬಯಲು. ಆ ಪುಟ ಹರಿದು ಹಾಕಿ ಎಂದು ಒಂದು ಸಾಲು ಬರೆಯಬಹುದಿತ್ತು. ಹಾಳೆಯಲ್ಲಿ ಜಾಗವಿರಲಿಲ್ಲ ನಿಜ, ಹಿಂಬದಿ ಖಾಲಿಯಿತ್ತು. ನಾನು ಬರೆಯಲಿಲ್ಲ. ಆ ಕಥೆ ಎರಡನೇ ಸುತ್ತಿಗೆ ಹೋಗಲಿಲ್ಲ.