ಮೇಯರ್ ಯಾರ ಮತದಿಂದ, ಯಾವ ಕೆಲಸಕ್ಕೆ?

2015ರ ಬಿಬಿಎಂಪಿ ಚುನಾವಣೆಯಲ್ಲಿ 198 ವಾರ್ಡ್‌ಗಳ ಪೈಕಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ಗೆದ್ದವು. ಮೇಯರ್ ಸ್ಥಾನ ಹೋದದ್ದು ಕಾಂಗ್ರೆಸ್‌ಗೆ. ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಆ ಆಯ್ಕೆಯಲ್ಲಿ ಮತವಿತ್ತು; ಪಕ್ಷೇತರರ ಬೆಂಬಲವೂ ಸೇರಿತು. ಕಾನೂನಿನ ಪ್ರಕಾರ ಎಲ್ಲವೂ ಸರಿ. ಆದರೆ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಮತ ಹಾಕಿದವರು ಯಾವ ಪಕ್ಷದವರೇ ಆಗಿರಲಿ, ಮೇಯರ್ ಆಯ್ಕೆ ಅವರ ಕೈತಪ್ಪಿಹೋಗಿತ್ತು.

ಬೆಂಗಳೂರಿನ ಈ ಪಶ್ಚಿಮ ಭಾಗದಿಂದ ಮೇಯರ್‌ಗಳು ಬರಲಿಲ್ಲವೆಂದಲ್ಲ. ಮೂಡಲಪಾಳ್ಯದ ಶಾಂತಕುಮಾರಿ, ಪ್ರಕಾಶನಗರದ ಜಿ. ಪದ್ಮಾವತಿ ಇಬ್ಬರೂ ಇಲ್ಲಿನವರೇ. ಇಬ್ಬರಿಗೂ ಸಿಕ್ಕಿದ್ದು ಒಂದೊಂದು ವರ್ಷ. ಬಜೆಟ್ ಒಪ್ಪಿಗೆಯಾಗಿ ಟೆಂಡರ್ ಕರೆಯುವ ಹೊತ್ತಿಗೆ ಮುಂದಿನ ಮೇಯರ್ ಯಾರೆಂಬ ಲೆಕ್ಕಾಚಾರ ಶುರುವಾಗುತ್ತಿತ್ತು. ಜನರೇ ನೇರವಾಗಿ ಆರಿಸಿದ, ಐದು ವರ್ಷ ಇರುವ ಮೇಯರ್ ಬೇಕೆಂದು 2008ರಲ್ಲೇ ಕಸ್ತೂರಿರಂಗನ್ ಸಮಿತಿ ಹೇಳಿತ್ತು. ಆ ಶಿಫಾರಸು ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ.

2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಅದನ್ನು ಅರ್ಧ ಮಾತ್ರ ಕೇಳಿಸಿಕೊಂಡಿದೆ. ಅವಧಿ 30 ತಿಂಗಳು ಎಂದಿರುವುದು ಒಳ್ಳೆಯದೇ. ಆಯ್ಕೆ ಮಾತ್ರ ಪಾಲಿಕೆ ಸಭೆಯೊಳಗೇ ಉಳಿದಿದೆ. ಬಿಬಿಎಂಪಿಯ ಜಾಗದಲ್ಲಿ ಬಂದ ಐದೂ ಪಾಲಿಕೆಗಳ ಮೇಲೆ ಕೂರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಈ ಏರ್ಪಾಡೇ ಕಾಯ್ದೆಯ ಅತಿ ದೊಡ್ಡ ದೋಷ. ರಾಜ್ಯವನ್ನೆಲ್ಲ ನೋಡಿಕೊಳ್ಳಬೇಕಾದವರನ್ನು ರಾಜಾಜಿನಗರದ ಮೋರಿಯ ಬಗ್ಗೆ ಕೇಳುವುದು ಹೇಗೆ?

ವೃಷಭಾವತಿ ನದಿಯನ್ನೇ ನೋಡಿ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕೊಳಚೆಯೆಲ್ಲ ಹೊತ್ತು ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಯ ಮಗ್ಗುಲಿಗೆ ನೊರೆಯೆಬ್ಬಿಸಿ, ಕೆಂಗೇರಿಯತ್ತ ಹರಿಯುತ್ತದೆ. ರಾಜಕಾಲುವೆ ಪಾಲಿಕೆಯದು, ಒಳಚರಂಡಿ ಜಲಮಂಡಳಿಯದು, ಕಾರ್ಖಾನೆಯ ನೀರಿನ ಮೇಲೆ ನಿಗಾ ಇಡಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿ. ವಾರ್ಡ್ ಸಮಿತಿ ಸಭೆಗೆ ಉಕ್ಕುವ ಮ್ಯಾನ್‌ಹೋಲ್‌ನ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು ಬಂದವರಿಗೆ ಎಂಜಿನಿಯರ್ ಕೊಡುವ ಉತ್ತರ ಒಂದೇ: "ಅದು ನಮಗೆ ಬರಲ್ಲ ಸಾರ್, ಜಲಮಂಡಳಿಗೆ ಬರುತ್ತೆ." ಎರಡು ಸಲ ಈ ಮಾತು ಕೇಳಿದವರು ಮೂರನೇ ಸಭೆಗೆ ಬರುವುದಿಲ್ಲ. ಜನಕ್ಕೆ ಆಸಕ್ತಿಯಿಲ್ಲ ಎಂದು ದೂರುವವರು ಇದನ್ನು ಗಮನಿಸಬೇಕು.

ಹಾಗಾಗಿ ನೇರ ಚುನಾವಣೆಯೊಂದೇ ಸಾಲದು. ಶಿಮ್ಲಾದಲ್ಲಿ 2012ರಲ್ಲಿ ಜನ ನೇರ ಮತದಿಂದ ಸಿಪಿಎಂನ ಸಂಜಯ್ ಚೌಹಾಣ್ ಅವರನ್ನು ಮೇಯರ್ ಮಾಡಿದರು. 25 ಸದಸ್ಯರ ಪಾಲಿಕೆಯಲ್ಲಿ ಆ ಪಕ್ಷಕ್ಕಿದ್ದದ್ದು ಮೂರೇ ಸ್ಥಾನ. ಮುಂದಿನ ಚುನಾವಣೆಯ ಹೊತ್ತಿಗೆ ನೇರ ಆಯ್ಕೆಯನ್ನೇ ಕೈಬಿಡಲಾಯಿತು. ಉತ್ತರ ಪ್ರದೇಶದಲ್ಲಿ ಮೇಯರ್‌ಗೆ ನೇರ ಮತವಿದೆ, ಆಡಳಿತದ ಹಿಡಿತ ಆಯುಕ್ತರ ಬಳಿ ಇದೆ.

ಇತ್ತ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್ 2ರಂದು ಪಾಲಿಕೆ ಐದಾದಾಗಲೂ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಅಷ್ಟರಲ್ಲಿ ವಿಧಾನಸಭೆಗೂ ಲೋಕಸಭೆಗೂ ಚುನಾವಣೆ ಸಾಂಗವಾಗಿ ನಡೆದಿತ್ತು. ಇನ್ನಾದರೂ ಆ ಐದರಲ್ಲೊಂದಾದ ಪಶ್ಚಿಮ ಪಾಲಿಕೆಯ ಮೇಯರ್ ಜನರಿಂದಲೇ ಆಯ್ಕೆಯಾಗಲಿ. ಜೊತೆಗೆ ಈ ಪಾಲಿಕೆ ವ್ಯಾಪ್ತಿಯ ಜಲಮಂಡಳಿ ಎಂಜಿನಿಯರ್‌ಗಳು ಅವರಿಗೇ ಲೆಕ್ಕ ಒಪ್ಪಿಸುವಂತೆ ಕಾಯ್ದೆಗೆ ತಿದ್ದುಪಡಿ ಆಗಲಿ.